ಏಕತಾರಿಯಿಂದ ಬೇಸ್ ಗಿಟಾರಿಗೆ: ಶಬ್ದದ ಪಾಠ

ತರಗತಿ: 8 ವಿಷಯ: ವಿಜ್ಞಾನ ಅವಧಿ: 40 ನಿಮಿಷ

ಪೀಠಿಕೆ: ಚಿಂತಾಮಣಿ ತಾಲ್ಲೂಕಿನ ಕೈವಾರ ತಾತಯ್ಯನವರ ತತ್ವಪದಗಳನ್ನು ನಮ್ಮ ಮಕ್ಕಳು ಕೇಳಿರುತ್ತಾರೆ. ತತ್ವಪದಕ್ಕೆ ಜೊತೆಯಾಗುವ ಏಕತಾರಿಗೆ ಒಣಗಿದ ಸೋರೆ ಬುರುಡೆ, ಬಿದಿರು, ಒಂದು ತಂತಿ ಸಾಕು. ಶಾಲೆಯಲ್ಲಿ ಬುರುಡೆಯ ಬದಲು ತಗಡಿನ ಡಬ್ಬಿ ಬಳಸಬಹುದು.

ಚಟುವಟಿಕೆ: 60 ಸೆಂ.ಮೀ. ತಂತಿಯನ್ನು ಬಿಗಿದು ಮೀಟಿಸಿ. 30 ಸೆಂ.ಮೀ.ಗೆ ಕುದುರೆ ಇಡುವ ಮೊದಲು, ‘ಸ್ವರ ಏರುವುದೋ ಇಳಿಯುವುದೋ?’ ಎಂದು ಕೇಳಿ. ಉತ್ತರಗಳನ್ನು ಕಪ್ಪುಹಲಗೆಯಲ್ಲಿ ಬರೆಯಿರಿ. ಬಿಗಿತ ಬದಲಾಗದಿದ್ದರೆ ಅರ್ಧ ಉದ್ದಕ್ಕೆ ಆವೃತ್ತಿ ಎರಡು ಪಟ್ಟಾಗಿ ತಾರ ಷಡ್ಜ ಕೇಳಿಸುತ್ತದೆ.

ಗಮನಿಸಿ: ಜೋರಾಗಿ ಮೀಟಿದರೆ ಸ್ವರ ಏರುತ್ತದೆಂದು ಹಲವು ಮಕ್ಕಳು ಭಾವಿಸುತ್ತಾರೆ. ಅದನ್ನು ಅಲ್ಲಗಳೆಯಬೇಡಿ, ಒಂದೇ ಉದ್ದದ ತಂತಿಯನ್ನು ಮೆಲ್ಲಗೆ, ಜೋರಾಗಿ ಮೀಟಿ ಅವರೇ ಹೋಲಿಸಲಿ. ಹೆಚ್ಚುವುದು ಕಂಪನದ ಪಾರ, ಆವೃತ್ತಿಯಲ್ಲ. ಈ ಭೇದ ತಿಳಿಯದೆ ಸೂತ್ರ ಬರೆಸಿದರೆ ಪಾಠ ಬಾಯಿಪಾಠವಾದೀತು.

ವಿಸ್ತರಣೆ: ಎಲೆಕ್ಟ್ರಿಕ್ ಬೇಸ್ ಗಿಟಾರಿನ ತಂತಿ ಸಾಮಾನ್ಯವಾಗಿ 34 ಇಂಚು, ದಪ್ಪ ತಂತಿಯ ಆವೃತ್ತಿ ಸುಮಾರು 41 ಹರ್ಟ್ಸ್. ಅದಕ್ಕೆ ಬುರುಡೆ ಬೇಡ. ಉಕ್ಕಿನ ತಂತಿಯ ಕೆಳಗಿನ ಕಾಂತ, ಸುರುಳಿಗಳು ಕಂಪನವನ್ನು ವಿದ್ಯುತ್ ಸಂಕೇತವಾಗಿಸುತ್ತವೆ. ಆದ್ದರಿಂದಲೇ ಅದರ ಒಡಲನ್ನು ಗಟ್ಟಿಯಾದ ಬೇರೆ ಬೇರೆ ವಸ್ತುಗಳಿಂದ ಮಾಡಬಹುದು.

ಮೌಲ್ಯಮಾಪನ: ತಂತಿಯನ್ನು 40 ಸೆಂ.ಮೀ.ಗೆ ಇಳಿಸಿದರೆ ಆವೃತ್ತಿ ಎಷ್ಟು ಪಟ್ಟು? (ಒಂದೂವರೆ ಪಟ್ಟು, ಪಂಚಮ.)