ಬಾಯಿ, ಗಂಟಲಿಗೆ ಕರೆಂಟ್ ಕೊಡಿಸಿಕೊಳ್ಳುವವರು ಮಾಡಬೇಕಾದ್ದು, ಮಾಡಬಾರದ್ದು

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಕಡೆಯಿಂದ ಬಾಯಿ, ನಾಲಿಗೆ, ದವಡೆ, ಗಂಟಲಿನ ಕ್ಯಾನ್ಸರಿಗೆ ಕರೆಂಟ್ (ರೇಡಿಯೇಶನ್ ಚಿಕಿತ್ಸೆ) ಕೊಡಿಸಿಕೊಳ್ಳಲು ಹೊರಟವರಿಗೆ ಈ ಸೂಚನೆ. ಜೊತೆಗೆ ನಿಲ್ಲುವ ಮಗ, ಸೊಸೆ, ತಮ್ಮಂದಿರೂ ಓದಬೇಕು. ಓದು ಬರದ ಹಿರಿಯರಿಗೆ ಓದಿ ಹೇಳಬೇಕು. ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆಗೆ ಹೋದರೂ ಅಷ್ಟೇ, ಬೆಂಗಳೂರಿನ ಕಿದ್ವಾಯಿಗೆ ಹೋದರೂ ಅಷ್ಟೇ, ಕಲಬುರಗಿಯ ಕಿದ್ವಾಯಿ ಘಟಕಕ್ಕೆ ಹೋದರೂ ಅಷ್ಟೇ: ಬಾಯಿ ಸ್ವಚ್ಛ ಇಟ್ಟುಕೊಳ್ಳುವುದು ಚಿಕಿತ್ಸೆಯದೇ ಒಂದು ಭಾಗ.

ಕಾರಣ ಕೇಳಿ. ಕರೆಂಟ್ ಸಾಮಾನ್ಯವಾಗಿ ಸೋಮವಾರದಿಂದ ಶುಕ್ರವಾರ, 30ರಿಂದ 35 ಸಲ, ಆರೇಳು ವಾರ ನಡೆಯುತ್ತದೆ. ಎರಡನೇ, ಮೂರನೇ ವಾರಕ್ಕೆ ಬಾಯೊಳಗಿನ ಚರ್ಮ ಕೆಂಪಾಗಿ ಹುಣ್ಣೇಳುತ್ತದೆ, ಜೊಲ್ಲು ಕಡಿಮೆಯಾಗಿ ಅಂಟಂಟಾಗುತ್ತದೆ. ಹೊಲಸು ಬಾಯಲ್ಲಿ ಆ ಹುಣ್ಣು ಕೀವಾಗುತ್ತದೆ, ಗಂಜಿಯೂ ಇಳಿಯುವುದಿಲ್ಲ, ತೂಕ ಇಳಿಯುತ್ತದೆ, ಕೊನೆಗೆ ಡಾಕ್ಟರೇ ಕರೆಂಟ್ ನಿಲ್ಲಿಸಬೇಕಾಗುತ್ತದೆ. ನಡುವೆ ನಿಂತ ಒಂದೊಂದು ದಿನವೂ ಕ್ಯಾನ್ಸರಿಗೆ ಲಾಭ. ಉರಿಯುತ್ತದೆಂದು ಹಲ್ಲುಜ್ಜುವುದನ್ನು ಬಿಟ್ಟವರೇ ಹೆಚ್ಚು. ಬಿಡಬಾರದ ಹೊತ್ತೇ ಅದು.

ಕರೆಂಟ್ ಶುರುವಾಗುವ ಮೊದಲು

ಹಲ್ಲಿನ ಡಾಕ್ಟರಿಗೆ ಬಾಯಿ ತೋರಿಸಿ. ನೋವಿದ್ದರೂ ತೋರಿಸಿ, ಇಲ್ಲದಿದ್ದರೂ ತೋರಿಸಿ. ಹುಳುಕಾಗಿ ಉಳಿಸಲಾಗದ ಹಲ್ಲು, ಅಲುಗಾಡುವ ಹಲ್ಲು, ಮುರಿದು ಉಳಿದ ಬೇರು ಇದ್ದರೆ ಈಗಲೇ ಕೀಳಿಸಬೇಕು. ಕಿತ್ತ ಗಾಯ ಮಾಯಲು ಕನಿಷ್ಠ ಎರಡು ವಾರ ಬೇಕು, ಮೂರು ಸಿಕ್ಕರೆ ಇನ್ನೂ ಒಳ್ಳೆಯದು. ತಾರೀಖು ಹೊಂದಿಸುವುದು ಇಬ್ಬರು ಡಾಕ್ಟರುಗಳ ಕೆಲಸ. ಹಲ್ಲಿನ ನೆಪದಲ್ಲಿ ನೀವಾಗಿಯೇ ಕರೆಂಟ್ ಮುಂದೂಡಬೇಡಿ.

ಖರ್ಚಿಗೆ ಹೆದರಿ ಈ ಹಂತ ದಾಟಿಸಬೇಡಿ. ಜಿಲ್ಲಾ ಆಸ್ಪತ್ರೆಯಲ್ಲಿ ದಂತ ವಿಭಾಗವಿದೆ, ಬಳ್ಳಾರಿಯಲ್ಲಿ ಸರ್ಕಾರಿ ದಂತ ಕಾಲೇಜಿದೆ. ಕ್ಯಾನ್ಸರ್ ಚಿಕಿತ್ಸೆಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಇದೆ. ಬಿಪಿಎಲ್ ಕಾರ್ಡು, ಆಧಾರ್ ಚೀಲದಲ್ಲಿರಲಿ.

ದಿನಾ ಮಾಡಬೇಕಾದ್ದು

ಬೆಳಿಗ್ಗೆ ಎದ್ದಾಗ, ಉಂಡ ಮೇಲೆ, ಮಲಗುವ ಮುಂಚೆ ಹಲ್ಲುಜ್ಜಿ. ಅಂಗಡಿಯಲ್ಲಿ 'ಸಾಫ್ಟ್' ಅಥವಾ 'ಎಕ್ಸ್‌ಟ್ರಾ ಸಾಫ್ಟ್' ಬ್ರಷ್ ಎಂದೇ ಕೇಳಿ. ಅದನ್ನೂ ಬಿಸಿನೀರಲ್ಲಿ ಅದ್ದಿಟ್ಟು ಇನ್ನಷ್ಟು ಮೆತ್ತಗಾದ ಮೇಲೆ ಬಳಸಿ. ತಿಕ್ಕಬೇಡಿ, ವಸಡಿನ ಅಂಚಿನಲ್ಲಿ ಸಣ್ಣಗೆ ಆಡಿಸಿ. ಪುದೀನ ಪೇಸ್ಟ್ ಉರಿದರೆ ಪೇಸ್ಟ್ ಬದಲಿಸಿ, ಉಜ್ಜುವುದನ್ನು ನಿಲ್ಲಿಸಬೇಡಿ. ಬ್ರಷ್ ತಾಗಿಸಲಿಕ್ಕೇ ಆಗದಂಥ ದಿನ ಬಂದರೆ ಉಪ್ಪು-ಸೋಡಾ ನೀರಲ್ಲಿ ಅದ್ದಿದ ತೆಳು ಅರಿವೆಯನ್ನು ಬೆರಳಿಗೆ ಸುತ್ತಿ ಹಲ್ಲು ಒರೆಸಿ.

ಉಪ್ಪು-ಸೋಡಾ ನೀರು ಹೀಗೆ. ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಒಂದು ಚಹಾ ಚಮಚ ಅಡುಗೆ ಸೋಡಾ, ಅರ್ಧ ಚಮಚ ಉಪ್ಪು. ಮಿರ್ಚಿ ಭಜಿಯ ಹಿಟ್ಟಿಗೆ ಹಾಕುವ ತಿನ್ನುವ ಸೋಡಾ ಅದು. ಬಟ್ಟೆ ತೊಳೆಯುವ ಸೋಡಾ ಅಲ್ಲ. ಎರಡೂ ಬಿಳಿ ಪುಡಿ, ಎರಡೂ ಒಂದೇ ಅಂಗಡಿಯಲ್ಲಿ ಸಿಗುತ್ತವೆ, ಬಟ್ಟೆ ಸೋಡಾ ಬಾಯಿ ಸುಡುತ್ತದೆ. ಚೀಟಿ ಕೊಟ್ಟು ಮಕ್ಕಳನ್ನು ಅಂಗಡಿಗೆ ಕಳಿಸದಿರಿ, ನೀವೇ ನೋಡಿ ತನ್ನಿ. ಎಚ್ಚರವಿರುವಷ್ಟು ಹೊತ್ತು ಎರಡು ಮೂರು ತಾಸಿಗೊಮ್ಮೆ ಒಂದು ಗುಟುಕು ಬಾಯಿಗೆ ತುಂಬಿ ಮೆಲ್ಲಗೆ ಮುಕ್ಕಳಿಸಿ ಉಗುಳಿ. ನುಂಗಬೇಡಿ. ರಾತ್ರಿ ಉಳಿದದ್ದು ಚೆಲ್ಲಿ, ಬೆಳಿಗ್ಗೆ ಹೊಸದು ಮಾಡಿ. ಬಸ್ಸಿನಲ್ಲಿ ಹೋಗುವಾಗ ಒಂದು ಬಾಟ್ಲಿ ಜೊತೆಗಿರಲಿ.

ಮೂಗಿನಲ್ಲಿ ನಳಿಕೆ ಹಾಕಿದವರು 'ಬಾಯಿಂದ ಉಣ್ಣೂದೇ ಇಲ್ಲ, ತೊಳಿಯೂದ್ಯಾಕ?' ಎನ್ನುತ್ತಾರೆ. ಉಣ್ಣದ ಬಾಯಿ ಇನ್ನೂ ಬೇಗ ಹೊಲಸಾಗುತ್ತದೆ. ನಳಿಕೆಯಿದ್ದರೂ ಹಲ್ಲುಜ್ಜಬೇಕು, ಮುಕ್ಕಳಿಸಬೇಕು.

ಬಾಯಿ ತೆರೆಯುವ ವ್ಯಾಯಾಮ ಮೊದಲ ದಿನದಿಂದಲೇ ಮಾಡಿ. ನಿಮ್ಮವೇ ಮೂರು ಬೆರಳು ಜೋಡಿಸಿ ಮೇಲಿನ ಕೆಳಗಿನ ಮುಂದಿನ ಹಲ್ಲುಗಳ ನಡುವೆ ಉದ್ದಕ್ಕೆ ನಿಲ್ಲಿಸಿ ನೋಡಿ. ಇವತ್ತು ಎಷ್ಟು ಹಿಡಿಸಿತೋ ಮುಂದಿನ ವಾರವೂ ಅಷ್ಟು ಹಿಡಿಸಬೇಕು. ಗುಟ್ಕಾದಿಂದ ಬಾಯಿ ಮೊದಲೇ ಬಿಗಿದವರಿಗೆ ಇದು ಎರಡು ಪಟ್ಟು ಮುಖ್ಯ. ಬಿಗಿದ ಬಾಯೊಳಗೆ ಬ್ರಷ್ಷೂ ಹೋಗದು, ಚಮಚವೂ ಹೋಗದು.

ಫ್ಲೋರೈಡ್ ಎಂದು ಹೆದರಿ ಪೇಸ್ಟ್ ಬಿಡಬೇಡಿ

ಇದನ್ನು ನಮ್ಮ ಜಿಲ್ಲೆಗೆಂದೇ ಬೇರೆಯಾಗಿ ಹೇಳಬೇಕು. ಕುಷ್ಟಗಿ, ಯಲಬುರ್ಗಾ ಭಾಗದ ಎಷ್ಟೋ ಊರುಗಳ ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಮಿತಿ ಮೀರಿದೆ. ಕುಡಿಯುವ ನೀರಲ್ಲಿ ಅದು ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು. ಹಲ್ಲು ಕಂದಿ, ಮೊಣಕಾಲು ಬಾಗಿದ ಹಿರಿಯರನ್ನು ನೋಡುತ್ತ ಬೆಳೆದವರಿಗೆ ಟ್ಯೂಬಿನ ಮೇಲೆ 'ಫ್ಲೋರೈಡ್' ಎಂದು ಕಂಡರೆ ಅನುಮಾನ ಬರುವುದು ಸಹಜ. ಆದರೆ ನೀರಿನ ಫ್ಲೋರೈಡ್ ಹೊಟ್ಟೆಗೆ ಹೋಗಿ, ವರ್ಷಗಟ್ಟಲೆ ಎಲುಬಿನಲ್ಲಿ ಸೇರಿ, ಮಕ್ಕಳ ಹಲ್ಲು ಮೂಡುವಾಗಲೇ ಕೆಡಿಸುವಂಥದ್ದು. ಪೇಸ್ಟಿನದು ಹಲ್ಲಿನ ಮೇಲ್ಮೈಗೆ ತಾಗಿ, ಉಗುಳಿದರೆ ಹೊರಗೆ ಹೋಗುವಂಥದ್ದು. ದೊಡ್ಡವರ ಹಲ್ಲಿಗೆ ಅದರಿಂದ ಕಲೆ ಬರುವುದಿಲ್ಲ.

ಕರೆಂಟ್ ಆದ ಬಾಯಿಗೆ ಅದು ಬೇಕೇಬೇಕು. ಹಲ್ಲನ್ನು ಹಗಲಿರುಳು ಕಾಯುತ್ತಿದ್ದದ್ದು ಜೊಲ್ಲು. ಅದು ಬತ್ತಿದ ಮೇಲೆ ವಸಡಿನ ಅಂಚಿನಲ್ಲಿ ಹಲ್ಲಿನ ಸುತ್ತ ಕಂದು ಗೆರೆ ಮೂಡುತ್ತದೆ, ಅಲ್ಲೇ ಕೊರೆಯುತ್ತದೆ, ಎಷ್ಟೋ ಸಲ ನೋವೇ ಇಲ್ಲದೆ ಹಲ್ಲು ಬುಡಕ್ಕೆ ಮುರಿದು ಕೈಗೆ ಬರುತ್ತದೆ. ನೀರಿನಿಂದ ಮೊದಲೇ ಕಂದಿದ ಹಲ್ಲಿನಲ್ಲಿ ಈ ಗೆರೆ ಬೇಗ ಕಾಣಿಸುವುದಿಲ್ಲ. ಅದಕ್ಕೇ ತಪಾಸಣೆ ತಪ್ಪಿಸಬಾರದು ಎನ್ನುವುದು. ಹಲ್ಲಿನ ಡಾಕ್ಟರು ಹೆಚ್ಚು ಶಕ್ತಿಯ ಫ್ಲೋರೈಡ್ ಜೆಲ್ ಬರೆದುಕೊಟ್ಟರೆ ಹೇಳಿದಷ್ಟು ದಿನ ಹಚ್ಚಿ.

ಕುಡಿಯುವುದಕ್ಕೆ ಶುದ್ಧ ನೀರಿನ ಘಟಕದ ನೀರನ್ನೇ ತನ್ನಿ. ಬೋರಿನ ನೀರು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ.

ಮಾಡಬಾರದ್ದು

ಗುಟ್ಕಾ, ತಂಬಾಕು-ಸುಣ್ಣ, ಎಲೆಅಡಿಕೆ, ಬೀಡಿ, ಸೆರೆ ಇವತ್ತಿನಿಂದ ಬಂದ್. 2013ರಲ್ಲೇ ರಾಜ್ಯದಲ್ಲಿ ಗುಟ್ಕಾ ನಿಷೇಧವಾಯಿತು. ಆಮೇಲೆ ಪಾನ್ ಮಸಾಲ ಒಂದು ಚೀಟಿ, ತಂಬಾಕು ಇನ್ನೊಂದು ಚೀಟಿ ಎಂದು ಮಾರುವ ಜಾಣತನ ಬಂತು. ಎರಡನ್ನು ಕೂಡಿಸಿ ತಿಂದರೂ ಗುಟ್ಕಾವೇ. ಹೆಣ್ಣುಮಕ್ಕಳು 'ನಾ ತಂಬಾಕು ತಿನ್ನಂಗಿಲ್ರೀ, ಹಲ್ಲಿಗಷ್ಟ ತಿಕ್ತೀನಿ' ಎನ್ನುವುದುಂಟು. ಹಲ್ಲಿಗೆ ತಿಕ್ಕುವ ನಶ್ಯ, ಸುಟ್ಟ ತಂಬಾಕಿನ ಪುಡಿ ಎರಡೂ ತಂಬಾಕು. ಬಿಡಲು ಕಷ್ಟವಾದರೆ 1800-11-2356ಕ್ಕೆ ಫೋನ್ ಮಾಡಿ. ದುಡ್ಡಿಲ್ಲ, ಕನ್ನಡದಲ್ಲೂ ಮಾತಾಡುತ್ತಾರೆ.

ಬೇವಿನ ಕಡ್ಡಿ, ಇದ್ದಿಲು, ಬೂದಿ, ಕೆಂಪು ಹಲ್ಲುಪುಡಿ ಮುಟ್ಟಬೇಡಿ. ತಗಡಿನಿಂದ ನಾಲಿಗೆ ಕೆರೆಯುವುದು, ಎರಡು ಬೆರಳು ಹಾಕಿ ಓಕರಿಸುತ್ತ ನಾಲಿಗೆ ತೊಳೆಯುವುದು ಚಿಕಿತ್ಸೆ ಮುಗಿಯುವ ತನಕ ಬೇಡ. ಹುಣ್ಣಿಗೆ ಲವಂಗದ ಎಣ್ಣೆ, ಪಟಿಕ, ಸುಣ್ಣ, ಯಾರೋ ಹೇಳಿದ ಗಿಡದ ರಸ ಹಚ್ಚಬೇಡಿ. ಬಾಟ್ಲಿಯ ಎಷ್ಟೋ ಮೌತ್‌ವಾಶಿನಲ್ಲಿ ಆಲ್ಕೋಹಾಲ್ ಇರುತ್ತದೆ, ಡಾಕ್ಟರು ಬರೆದುಕೊಡದೆ ತರಬೇಡಿ. ಹಲ್ಲಿನ ಸೆಟ್ಟು ಇದ್ದವರು ಡಾಕ್ಟರನ್ನು ಕೇಳಿಯೇ ಹಾಕಿಕೊಳ್ಳಿ. ರಾತ್ರಿ ತೆಗೆದು ತೊಳೆದು ನೀರಲ್ಲಿಡಿ. ಚುಚ್ಚಿದರೆ ಹಗಲೂ ಬೇಡ.

ಕಟಕ ರೊಟ್ಟಿ, ಕೆಂಪು ಖಾರ, ಶೇಂಗಾ ಚಟ್ನಿ ಸದ್ಯಕ್ಕೆ ದೂರ. ಗವಿಮಠದ ಜಾತ್ರೆ ನಡುವೆ ಬಂದರೆ ಅಜ್ಜನ ದರ್ಶನ ಮಾಡಿ, ದಾಸೋಹದ ಮಿರ್ಚಿ ಮನೆಯವರಿಗೆ ಬಿಡಿ. ಮೆತ್ತಗಿನ ಅನ್ನ, ಜೋಳದ ನುಚ್ಚು, ಬೇಳೆಕಟ್ಟು, ಹಾಲು, ಹುಳಿಯಿಲ್ಲದ ಮಜ್ಜಿಗೆ ಉಗುರು ಬೆಚ್ಚಗೆ ತೆಗೆದುಕೊಳ್ಳಿ. ಗಂಟೆಗೊಮ್ಮೆ ಸಕ್ಕರೆ ಚಹಾದಲ್ಲಿ ಬಿಸ್ಕೀಟು ಅದ್ದಿ ತಿನ್ನುವ ಚಾಳಿ ಆಸ್ಪತ್ರೆ ವರಾಂಡದಲ್ಲಿ ಎಲ್ಲರಿಗೂ ಹತ್ತುತ್ತದೆ. ಒಣ ಬಾಯಿಗೆ ಅದು ಹಲ್ಲು ಕೊರೆಯುವ ಕೆಲಸ. ತಿಂದರೆ ಕೂಡಲೇ ಮುಕ್ಕಳಿಸಿ. ಬಾಯಿ ಒಣಗಿದರೆ ಪೆಪ್ಪರಮಿಂಟ್ ಚೀಪದೆ ನೀರು ಗುಟುಕರಿಸಿ.

ಅದೇ ದಿನ ಡಾಕ್ಟರಿಗೆ ಹೇಳಬೇಕಾದ್ದು

ಜ್ವರ, ಬಾಯಲ್ಲಿ ರಕ್ತ, ಒರೆಸಿದರೆ ಏಳುವ ಬಿಳಿ ಪದರ, ನೀರೂ ನುಂಗಲಾಗದ ಸ್ಥಿತಿ. ಬಿಳಿ ಪದರ ಬೂಸ್ಟಿನ ಸೋಂಕು, ಔಷಧಿಗೆ ಹೋಗುತ್ತದೆ. ನೋವು ತಡೆದುಕೊಳ್ಳುವುದು ಶೌರ್ಯವಲ್ಲ. ನೋವಿನ ಮಾತ್ರೆ ಕೇಳಿ ಪಡೆಯಿರಿ. ಊಟಕ್ಕೂ ಹಲ್ಲುಜ್ಜುವುದಕ್ಕೂ ಅರ್ಧ ತಾಸು ಮೊದಲು ನುಂಗಬಹುದೇ ಎಂದು ವಿಚಾರಿಸಿ.

ಕರೆಂಟ್ ಮುಗಿದ ಮೇಲೆ

ಕರೆಂಟ್ ಬಿದ್ದ ದವಡೆಯ ಎಲುಬಿಗೆ ರಕ್ತ ಓಡಾಟ ಕಡಿಮೆ, ಕೆಳದವಡೆಗಂತೂ ಇನ್ನೂ ಕಡಿಮೆ. ಅಲ್ಲಿ ಹಲ್ಲು ಕಿತ್ತರೆ ಗಾಯ ಮಾಯದೆ ಎಲುಬೇ ಸತ್ತು ಹೊರಬರಬಹುದು. ವರ್ಷ ಹತ್ತಾದರೂ ಈ ಅಪಾಯ ಹೋಗುವುದಿಲ್ಲ. ಸಂತೆಗೆ ಹೋದಾಗ ಸುಮ್ಮನೆ ಹಲ್ಲು ಕೀಳಿಸಿಕೊಂಡು ಬರಬೇಡಿ. ಯಾವ ಊರಿನ ಹಲ್ಲಿನ ಡಾಕ್ಟರ ಮುಂದೆ ಕೂತರೂ 'ನನಗೆ ಕರೆಂಟ್ ಆಗಿದೆ' ಎಂಬುದೇ ಮೊದಲ ಮಾತಾಗಲಿ; ಎಷ್ಟು ಕರೆಂಟ್, ಯಾವ ಭಾಗಕ್ಕೆ ಎಂದು ಬರೆದ ಡಿಸ್ಚಾರ್ಜ್ ಕಾಗದ ತೋರಿಸಿ. ಆ ಕಾಗದವನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಇನ್ನೊಂದು ಜೆರಾಕ್ಸ್ ಮಾಡಿಸಿ, ಎಲ್ಲಿಟ್ಟಿದ್ದೀರೆಂದು ಮನೆಯ ಇಬ್ಬರಿಗಾದರೂ ಹೇಳಿಡಿ.