ಡಿಸ್ಕಿಗಿಂತ ದೊಡ್ಡ ಕಡತ

ಮಕ್ಕಳೇ, ಹತ್ತು ಲೀಟರ್ ಹಿಡಿಯುವ ಒಂದು ಬಿಂದಿಗೆಯಲ್ಲಿ 2,600 ಲೀಟರ್ ನೀರಿದೆ ಎಂದು ಯಾರಾದರೂ ಹೇಳಿದರೆ ನೀವು ನಗುತ್ತೀರಿ. ಆದರೆ ಲಿನಕ್ಸ್ ಇರುವ ಕಂಪ್ಯೂಟರು ಇಂಥದೇ ಮಾತು ಹೇಳುತ್ತದೆ, ಅದೂ ಅಂಕಿಸಂಖ್ಯೆ ಸಮೇತ!

ಲಿನಕ್ಸ್ ಎಂದರೆ ವಿಂಡೋಸ್‌ನಂತೆ ಕಂಪ್ಯೂಟರನ್ನು ನಡೆಸುವ ಕಾರ್ಯಾಚರಣ ವ್ಯವಸ್ಥೆ. ಫಿನ್ಲೆಂಡ್ ದೇಶದ ಹೆಲ್ಸಿಂಕಿ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಲಿನಸ್ ಟೋರ್ವಾಲ್ಡ್ಸ್ 1991ರಲ್ಲಿ ಇದನ್ನು ಬರೆಯತೊಡಗಿದರು. ಇದರ ತಿರುಳಿಗೆ 'ಕರ್ನೆಲ್' ಎಂದು ಹೆಸರು. ನಿಮ್ಮ ಮನೆಯಲ್ಲಿ ಆಂಡ್ರಾಯ್ಡ್ ಮೊಬೈಲ್ ಇದ್ದರೆ ಅದರೊಳಗೂ ಇರುವುದು ಲಿನಕ್ಸ್ ಕರ್ನೆಲ್ಲೇ.

ಈಗ ಹೀಗೆ ಊಹಿಸಿಕೊಳ್ಳಿ. ನಿಮ್ಮ ಶಾಲೆಯ ಕಂಪ್ಯೂಟರಿನ ಡಿಸ್ಕಿನಲ್ಲಿ 500 ಗಿಗಾಬೈಟ್ ಜಾಗವಿದೆ. ಅದು ತುಂಬಿಹೋಗಿದೆ. ಯಾವ ಕಡತ, ಅಂದರೆ ಯಾವ ಫೈಲು, ಹೆಚ್ಚು ಜಾಗ ತಿನ್ನುತ್ತಿದೆ ಎಂದು ಹುಡುಕುತ್ತೀರಿ. 'ಪ್ರಾಕ್' ಎಂಬ ಫೋಲ್ಡರಿನಲ್ಲಿ 'ಕೆಕೋರ್' ಎಂಬ ಹೆಸರಿನದೊಂದು ಸಿಗುತ್ತದೆ. ಅದರ ಗಾತ್ರ 128 ಟೆರಾಬೈಟ್! ಒಂದು ಟೆರಾಬೈಟ್ ಎಂದರೆ 1,024 ಗಿಗಾಬೈಟ್. 128ನ್ನು 1,024ರಿಂದ ಗುಣಿಸಿ, ಬಂದದ್ದನ್ನು 500ರಿಂದ ಭಾಗಿಸಿ ನೋಡಿ. ಇದನ್ನು ತುಂಬಿಡಲು ನಿಮ್ಮ ಡಿಸ್ಕಿನಂಥವು 260ಕ್ಕೂ ಹೆಚ್ಚು ಬೇಕು.

ಇದೇ ಕಳ್ಳ, ಅಳಿಸಿಬಿಡೋಣ ಎಂದು ಅನ್ನಿಸುತ್ತದೆಯೇ? ದೊಡ್ಡವರಿಗೂ ಹಾಗೆ ಅನ್ನಿಸಿದೆ. ಆದರೆ ಸ್ವಲ್ಪ ತಡೆಯಿರಿ. ಡಿಸ್ಕಿನಲ್ಲಿ ಹಿಡಿಸಲಾರದ್ದು ಡಿಸ್ಕನ್ನು ತುಂಬಿಸುವುದು ಹೇಗೆ? ಈ ಪ್ರಶ್ನೆ ಹಿಡಿದು ಹೊರಡೋಣ.

ಯಾರ ಬಗ್ಗೆಯಾದರೂ ತಿಳಿಯಬೇಕಾದರೆ ಅಕ್ಕಪಕ್ಕದ ಮನೆಯವರನ್ನು ವಿಚಾರಿಸುತ್ತೇವಲ್ಲವೇ? ಕೆಕೋರ್‌ನ ನೆರೆಹೊರೆಯನ್ನೂ ನೋಡೋಣ. ಪ್ರಾಕ್ ಫೋಲ್ಡರಿನಲ್ಲಿ 'ಅಪ್‌ಟೈಮ್', 'ಮೆಮ್‌ಇನ್ಫೊ', 'ಸಿಪಿಯುಇನ್ಫೊ' ಎಂಬ ಕಡತಗಳೂ ಇವೆ. ಇವುಗಳ ಗಾತ್ರ ಎಷ್ಟು ಗೊತ್ತೇ? ಸೊನ್ನೆ! ಅಂದರೆ ಖಾಲಿ ಎಂದಾಯಿತು. ನಿಜವಾಗಿಯೂ ಖಾಲಿಯೇ?

ಶಿಕ್ಷಕರ ಸಹಾಯದಿಂದ ಇದನ್ನು ಪರೀಕ್ಷಿಸಿ. ಲಿನಕ್ಸಿನ ಟರ್ಮಿನಲ್ ಕಿಟಕಿಯನ್ನು ತೆರೆಯಿರಿ. ಕಡತದಲ್ಲಿ ಇರುವುದನ್ನು ತೋರಿಸುವ 'ಕ್ಯಾಟ್' ಎಂಬ ಆದೇಶವನ್ನು ಕೊಟ್ಟು ಅಪ್‌ಟೈಮ್ ಕಡತವನ್ನು ಓದಿ. ಎರಡು ಸಂಖ್ಯೆಗಳು ಕಾಣುತ್ತವೆ. ಮೊದಲನೆಯದನ್ನು ಬರೆದುಕೊಳ್ಳಿ. ಗಡಿಯಾರ ನೋಡಿ ಹತ್ತು ಸೆಕೆಂಡ್ ಬಿಟ್ಟು ಮತ್ತೆ ಅದೇ ಆದೇಶ ಕೊಡಿ. ಮೊದಲು 5,412 ಇದ್ದದ್ದು ಈಗ 5,422ರ ಹತ್ತಿರ ಇರುತ್ತದೆ! ಕಂಪ್ಯೂಟರು ಚಾಲೂ ಆಗಿ ಎಷ್ಟು ಸೆಕೆಂಡ್ ಆಯಿತು ಎಂಬ ಲೆಕ್ಕ ಅದು. ಖಾಲಿ ಎಂದುಕೊಂಡ ಕಡತದಲ್ಲಿ ಸಂಖ್ಯೆ ಎಲ್ಲಿಂದ ಬಂತು? ಅದನ್ನು ಯಾರು ತಿದ್ದಿದರು?

ಬಿಸಿಯೂಟದ ಅಡುಗೆಯವರು ಬಂದು "ಇವತ್ತು ಎಷ್ಟು ಮಕ್ಕಳು ಊಟಕ್ಕಿದ್ದೀರಿ?" ಎಂದು ಕೇಳುತ್ತಾರೆ. ನಿಮ್ಮ ಶಿಕ್ಷಕರು ಆಗಲೇ ತಲೆ ಎಣಿಸಿ "ಮೂವತ್ತೆರಡು" ಎನ್ನುತ್ತಾರೆ. ಕೇಳುವ ಮೊದಲು ಆ ಉತ್ತರವನ್ನು ಎಲ್ಲಿಯೂ ಬರೆದಿಟ್ಟಿರಲಿಲ್ಲ. ಪ್ರಾಕ್ ಫೋಲ್ಡರಿನಲ್ಲಿ ನಡೆಯುವುದೂ ಇದೇ. ಅಲ್ಲಿರುವುದು ಡಿಸ್ಕಿನಲ್ಲಿ ಬರೆದಿಟ್ಟ ಕಡತಗಳಲ್ಲ. ನಾವು ಓದಲು ಹೋದಾಗ ಕರ್ನೆಲ್ ಆ ಕ್ಷಣದಲ್ಲಿ ಉತ್ತರವನ್ನು ತಯಾರಿಸಿ ಕೊಡುತ್ತದೆ. ಹೊರಗಿನಿಂದ ಮಾತ್ರ ಅದು ಕಡತದ ಹಾಗೆ ಕಾಣುತ್ತದೆ. ಆದ್ದರಿಂದಲೇ ಡಿಸ್ಕಿನ ಜಾಗವನ್ನು ಅಳೆಯುವ 'ಡಿಎಫ್' ಆದೇಶ ಕೊಟ್ಟು ಪ್ರಾಕ್ ಎಷ್ಟು ಜಾಗ ಹಿಡಿದಿದೆ ಎಂದು ಕೇಳಿದರೆ ಸೊನ್ನೆ ಎಂದೇ ಉತ್ತರ ಬರುತ್ತದೆ. ನಮ್ಮ ಕೆಕೋರ್ ಕಳ್ಳನಲ್ಲ ಎಂಬುದು ಇಲ್ಲಿಗೆ ಖಚಿತವಾಯಿತು.

ಹಾಗಾದರೆ ಅದು ಏನು? ಹೆಸರಿನಲ್ಲೇ ಸುಳಿವಿದೆ. 'ಕೆ' ಎಂದರೆ ಕರ್ನೆಲ್. 'ಕೋರ್' ಎಂಬುದು ಹಳೆಯ ಕಾಲದಿಂದ ಉಳಿದುಬಂದ ಪದ. 1950ರ ದಶಕದಿಂದ 1970ರ ದಶಕದವರೆಗೆ ಕಂಪ್ಯೂಟರಿನ ನೆನಪುಕೋಶವನ್ನು, ಅಂದರೆ ಮೆಮೊರಿಯನ್ನು, ಪುಟ್ಟ ಕಾಂತೀಯ ಉಂಗುರಗಳಿಂದ ಹೆಣೆಯುತ್ತಿದ್ದರು. ಒಂದೊಂದು ಉಂಗುರಕ್ಕೂ ಕೋರ್ ಎಂದೇ ಹೆಸರು. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ 1960ರಲ್ಲಿ ಕೆಲಸ ಆರಂಭಿಸಿದ 'ಟಿಫ್ರಾಕ್' ಎಂಬ ಭಾರತದ ಕಂಪ್ಯೂಟರಿನಲ್ಲೂ ಇಂಥ ಉಂಗುರಗಳೇ ಇದ್ದವು. ಈಗ ಆ ಜಾಗದಲ್ಲಿ ಸಿಲಿಕಾನ್ ಚಿಪ್ಪುಗಳಿವೆ. ಉಂಗುರಗಳು ಹೋದರೂ ಹೆಸರು ಮಾತ್ರ ಹೋಗಲಿಲ್ಲ! ಕೆಕೋರ್ ಎಂದರೆ ಕರ್ನೆಲ್‌ಗೆ ಕಾಣುವ ಇಡೀ ಮೆಮೊರಿಯನ್ನು ನೋಡಲು ಇಟ್ಟಿರುವ ಕಿಟಕಿ. ಕರ್ನೆಲ್ ಬರೆಯುವ ಎಂಜಿನಿಯರುಗಳು ದೋಷಗಳನ್ನು ಪತ್ತೆ ಮಾಡಲು ಇದರಲ್ಲಿ ಇಣುಕಿ ನೋಡುತ್ತಾರೆ.

ಲಿನಕ್ಸಿನ ಕೈಪಿಡಿಯೂ ಇದು ಮೆಮೊರಿಯ ಪ್ರತಿರೂಪ ಎಂದೇ ಹೇಳುತ್ತದೆ. ಆದರೆ ಕೈಪಿಡಿಯಲ್ಲಿ ಇನ್ನೊಂದು ಮಾತಿದೆ. ಈ ಕಡತದ ಉದ್ದ ಕಂಪ್ಯೂಟರಿನಲ್ಲಿರುವ ಮೆಮೊರಿಯಷ್ಟು, ಜೊತೆಗೆ 4 ಕಿಲೋಬೈಟ್ ಎಂದು. ನಿಮ್ಮ ಕಂಪ್ಯೂಟರಿನ ಮೆಮೊರಿ 4 ಗಿಗಾಬೈಟ್ ಇದ್ದರೆ ಕೆಕೋರ್ ಕೂಡ ಸುಮಾರು ಅಷ್ಟೇ ಇರಬೇಕಿತ್ತು. ನಮಗೆ ಕಂಡದ್ದು 128 ಟೆರಾಬೈಟ್. ಪುಸ್ತಕದ ಮಾತಿಗೂ ಕಣ್ಣಿಗೆ ಕಂಡದ್ದಕ್ಕೂ ತಾಳೆಯಿಲ್ಲ! ಆ ವಾಕ್ಯವನ್ನು ಬರೆದದ್ದು ಹಳೆಯ ಕಂಪ್ಯೂಟರುಗಳ ಕಾಲದಲ್ಲಿ. ಕಂಪ್ಯೂಟರು ಬದಲಾಯಿತು, ವಾಕ್ಯ ಹಾಗೇ ಉಳಿಯಿತು.

ಸರಿ, 128 ಏಕೆ? ಮೆಮೊರಿಯ ಪ್ರತಿಯೊಂದು ಬೈಟ್‌ಗೂ ಒಂದು ವಿಳಾಸ ಬೇಕು. ವಿಳಾಸ ಎಂದಾಗ ಅಂಚೆಯ ಪಿನ್ ಕೋಡ್ ನೆನಪಿಸಿಕೊಳ್ಳಿ. 1972ರಲ್ಲಿ ಆರಂಭವಾದ ಪಿನ್ ಕೋಡ್‌ನಲ್ಲಿ ಆರು ಅಂಕಿಗಳಿವೆ. 1,00,000ದಿಂದ 9,99,999ರವರೆಗೆ ಒಂಬತ್ತು ಲಕ್ಷ ಸಂಖ್ಯೆಗಳು ಸಾಧ್ಯ. ಬಳಕೆಯಲ್ಲಿರುವುದು ಸುಮಾರು 19 ಸಾವಿರ ಮಾತ್ರ. ಉಳಿದ ಸಂಖ್ಯೆಗಳಿಗೆ ಊರೇ ಇಲ್ಲ. ಈಗ ಸಾಮಾನ್ಯವಾಗಿರುವ ಇಂಟೆಲ್ ಮತ್ತು ಎಎಂಡಿಯ 64 ಬಿಟ್ ಪ್ರೊಸೆಸರುಗಳಲ್ಲಿ ವಿಳಾಸಕ್ಕೆ ಬಳಸುವುದು ಬಹುತೇಕ 48 ಬಿಟ್. ಬಿಟ್ ಎಂದರೆ 0 ಅಥವಾ 1. ಎರಡನ್ನು 48 ಸಲ ಬರೆದು ಗುಣಿಸುತ್ತಾ ಹೋದರೆ 256 ಟೆರಾಬೈಟ್‌ಗೆ ಸಾಕಾಗುವಷ್ಟು ವಿಳಾಸಗಳು ಸಿಗುತ್ತವೆ. ಅದರಲ್ಲಿ ಅರ್ಧ ಕರ್ನೆಲ್‌ನ ಪಾಲು. 256ರ ಅರ್ಧ ಎಷ್ಟು? ಹಾಗಾಗಿ ಕೆಕೋರ್ ತೋರಿಸುವ ಗಾತ್ರ ಇರುವ ಊರುಗಳ ಲೆಕ್ಕವಲ್ಲ, ಸಾಧ್ಯವಿರುವ ಪಿನ್ ಕೋಡ್‌ಗಳ ಲೆಕ್ಕ.

ಈ ಕಿಟಕಿಗೆ ಭದ್ರವಾದ ಬೀಗವೂ ಇದೆ. ಕಂಪ್ಯೂಟರಿನ ಮೇಲೆ ಪೂರ್ಣ ಅಧಿಕಾರ ಇರುವ 'ರೂಟ್' ಎಂಬ ಖಾತೆ ಮಾತ್ರ ಇದನ್ನು ಓದಬಹುದು. ಯಾರೋ ಈಗತಾನೆ ಟೈಪ್ ಮಾಡಿದ ಪಾಸ್‌ವರ್ಡ್ ಕೂಡ ಮೆಮೊರಿಯಲ್ಲಿ ಇರಬಹುದಲ್ಲವೇ? ಇನ್ನು ಅಳಿಸುವ ಮಾತು: ಸ್ವತಃ ರೂಟ್ ಆದೇಶ ಕೊಟ್ಟರೂ ಲಿನಕ್ಸ್ "ಅನುಮತಿ ಇಲ್ಲ" ಎಂದುಬಿಡುತ್ತದೆ. ಡಿಸ್ಕಿನಲ್ಲಿ ಇಲ್ಲದ್ದನ್ನು ಅಳಿಸುವುದಾದರೂ ಎಲ್ಲಿಂದ! ಆದರೆ ಬೇರೆ ವ್ಯವಸ್ಥಾ ಕಡತಗಳಿಗೆ ಇಂಥ ಕಾವಲು ಇಲ್ಲ. ರೂಟ್ ಹೇಳಿದರೆ ಅವು ಹೋಗಿಯೇಬಿಡುತ್ತವೆ, ಕಂಪ್ಯೂಟರು ಮತ್ತೆ ಏಳದಿರಬಹುದು.

ತುಂಬಿದ ಡಿಸ್ಕಿನ ಕಥೆ ಏನಾಯಿತು? ಬಳಕೆದಾರರ 'ಹೋಮ್' ಫೋಲ್ಡರಿನಲ್ಲಿ ಹುಡುಕಿ. ಹಳೆಯ ವಿಡಿಯೊಗಳು ಮತ್ತು ಇನ್ನೂ ಖಾಲಿ ಮಾಡದ ಕಸದಬುಟ್ಟಿ ಅಲ್ಲಿ ಸಿಗುವ ಸಂಭವವೇ ಹೆಚ್ಚು.

ನಿಮಗೊಂದು ಕೆಲಸ: 'ಡೆವ್' ಎಂಬ ಫೋಲ್ಡರಿನಲ್ಲಿ 'ನಲ್' ಎಂಬ ಕಡತವಿದೆ. ಅದರೊಳಗೆ ಏನು ಬರೆದರೂ ಮಾಯವಾಗುತ್ತದೆ. ಓದಲು ಹೋದರೆ ಏನೂ ಸಿಗುವುದಿಲ್ಲ. ಆದರೂ ಅದು ದಿನಾಲೂ ಬಳಕೆಯಾಗುತ್ತದೆ. ಯಾವ ಉಪಯೋಗಕ್ಕೆ ಇರಬಹುದು? ಗೆಳೆಯರೊಂದಿಗೆ ಚರ್ಚಿಸಿ, ನಿಮ್ಮ ಊಹೆಯನ್ನು ಬರೆದಿಡಿ, ಆಮೇಲೆ ಶಿಕ್ಷಕರ ಜೊತೆ ಕೂತು ಪರೀಕ್ಷಿಸಿ.