ಹತ್ತು ಮೀಟರ್ ಜಾಗ, ಅರ್ಧ ಮಿಲಿಮೀಟರ್ ಗುರಿ

ಜಾತ್ರೆಯ ಬಲೂನಂಗಡಿಯಲ್ಲಿ ನಾಲ್ಕು ಬಲೂನು ಒಡೆದವರಿಗೆಲ್ಲ ತಾವು ಗುರಿಕಾರರೆಂಬ ನಂಬಿಕೆ ಬಂದುಬಿಡುತ್ತದೆ. ಆದರೆ ಬಲೂನಿನ ಯಾವ ಮೂಲೆಗೆ ತಗುಲಿದರೂ ಅದು ಒಡೆಯುತ್ತದೆ. ಒಲಿಂಪಿಕ್ಸ್‌ನ 10 ಮೀಟರ್ ಏರ್ ರೈಫಲ್ ಸ್ಪರ್ಧೆಯಲ್ಲಿ ಹತ್ತು ಅಂಕದ ಚುಕ್ಕೆಯ ಅಗಲ 0.5 ಮಿ.ಮೀ. ಮಾತ್ರ, ಸಾಸಿವೆ ಕಾಳಿಗಿಂತಲೂ ಚಿಕ್ಕದು. ಅರ್ಹತಾ ಸುತ್ತಿನಲ್ಲಿ 75 ನಿಮಿಷದೊಳಗೆ 60 ಗುಂಡು ಹಾರಿಸಬೇಕು. ಒಂದಕ್ಕೆ ಗರಿಷ್ಠ 10.9 ಅಂಕ.

ಚಿತ್ರದುರ್ಗ ಜಿಲ್ಲೆಯ ಗೌರಸಮುದ್ರ, ತಳಕು, ಮೊಳಕಾಲ್ಮುರು ಕಡೆಯ ಮಕ್ಕಳು ಹತ್ತಿರದಲ್ಲಿ ಶೂಟಿಂಗ್ ರೇಂಜ್ ಇಲ್ಲವೆಂದು ಕೈಚೆಲ್ಲಬೇಕಿಲ್ಲ. ಈ ಕ್ರೀಡೆಯ ಹೆಚ್ಚಿನ ಪಾಲು ಗುಂಡು ಹಾರಿಸುವ ಮೊದಲೇ ಕಲಿಯುವಂಥದ್ದು. ಅದಕ್ಕೆ ಮನೆಯ ಗೋಡೆಯೇ ಸಾಕು.

1. ಮೊದಲು ಕಾನೂನು, ಸುರಕ್ಷತೆ

0.177 ಇಂಚಿನ (4.5 ಮಿ.ಮೀ.), 20 ಜೂಲ್ ಮೀರದ ಏರ್ ರೈಫಲ್‌ಗೆ 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಪರವಾನಗಿ ಬೇಕಿಲ್ಲ. .22 ರೈಫಲ್‌ಗೆ ಬೇಕೇ ಬೇಕು. ಕೊಂಡ ರಸೀದಿ ಜೋಪಾನವಾಗಿರಲಿ.

ರೈಫಲ್ ಖಾಲಿಯಿದ್ದರೂ ತುಂಬಿದೆಯೆಂದೇ ಭಾವಿಸಿ. ನಳಿಕೆ ಯಾರ ಕಡೆಗೂ ತಿರುಗಬಾರದು. ಗುರಿ ಹಿಡಿಯುವವರೆಗೆ ಬೆರಳು ಟ್ರಿಗರ್ ಮೇಲೆ ಇರಬಾರದು. ಇದರ ಗುಂಡು (ಪೆಲೆಟ್) ಸೀಸದ್ದು, ಅಭ್ಯಾಸ ಮುಗಿದ ಮೇಲೆ ಸೋಪು ಹಚ್ಚಿ ಕೈ ತೊಳೆಯಿರಿ. ಚಳ್ಳಕೆರೆಯ ಕಾವಲುಗಳಲ್ಲಿ ಕೃಷ್ಣಮೃಗಗಳಿವೆ. ಅವುಗಳ ಮೇಲೆ ಗುರಿಯಿಟ್ಟರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಜೈಲು ಖಚಿತವೆಂದೇ ತಿಳಿಯಿರಿ. ಹಕ್ಕಿಗಳ ತಂಟೆಗೂ ಹೋಗಬೇಡಿ.

2. ಜಾಗ ಸಜ್ಜು ಮಾಡಿ

ಜನ, ದನ ಓಡಾಡದ ಉದ್ದನೆಯ ಕೋಣೆ ಅಥವಾ ಖಾಲಿ ಗೋದಾಮು ಆದೀತು. ಗುರಿಹಲಗೆಯ ನಡುಭಾಗ ನೆಲದಿಂದ 1.4 ಮೀಟರ್ ಎತ್ತರದಲ್ಲಿರಲಿ. ಅದರ ಹಿಂದೆ ಹಳೆ ಬಟ್ಟೆ ತುಂಬಿದ ಮರದ ಪೆಟ್ಟಿಗೆ, ಪೆಟ್ಟಿಗೆಯ ಬೆನ್ನಿಗೆ ದಪ್ಪ ಕಬ್ಬಿಣದ ತಗಡು ಇಡಿ. ಬೆಳಕು ಗುರಿಯ ಮೇಲೆ ಬೀಳಲಿ, ಕಣ್ಣಿಗೆ ಹೊಡೆಯದಿರಲಿ.

3. ನಿಲುವು: ಭಾರ ಎಲುಬಿನ ಮೇಲೆ

ಸ್ಪರ್ಧೆಯ ರೈಫಲ್ 5.5 ಕೆ.ಜಿ.ವರೆಗೆ ತೂಗಬಹುದು. ಅದನ್ನು ತೋಳಿನ ಬಲದಿಂದ ಎತ್ತಿ ಹಿಡಿದರೆ ಹತ್ತು ನಿಮಿಷಕ್ಕೇ ನಡುಕ ಶುರು. ಬಲಗೈಯವರು ಎಡಮಗ್ಗುಲನ್ನು ಗುರಿಯ ಕಡೆಗೆ ಮಾಡಿ, ಕಾಲುಗಳನ್ನು ಭುಜದಗಲಕ್ಕೆ ಇಟ್ಟು ನಿಲ್ಲಿ. ಎಡ ಮೊಣಕೈ ಸೊಂಟದೆಲುಬಿನ ಮೇಲೆ ಕೂರಲಿ, ಬೆನ್ನು ತುಸು ಹಿಂದಕ್ಕೆ ಬಾಗಲಿ. ತಲೆಯನ್ನು ರೈಫಲ್‌ಗೆ ಬಗ್ಗಿಸಬೇಡಿ, ರೈಫಲನ್ನೇ ಕೆನ್ನೆಗೆ ತನ್ನಿ.

ಈಗ ಒಂದು ಪರೀಕ್ಷೆ. ಗುರಿ ಹಿಡಿದು ಕಣ್ಣು ಮುಚ್ಚಿ, ಮೈ ಸಡಿಲ ಬಿಟ್ಟು ಎರಡು ಸಲ ಉಸಿರಾಡಿ, ಕಣ್ಣು ತೆರೆಯಿರಿ. ರೈಫಲ್ ಪಕ್ಕಕ್ಕೆ ಸರಿದಿದ್ದರೆ ಕೈಯಿಂದ ಎಳೆದು ಸರಿಪಡಿಸಬೇಡಿ, ಪಾದ ಸರಿಸಿ. ಪ್ರತಿ ಸರಣಿಯ ಮೊದಲೂ ಇದನ್ನು ಮಾಡಿ.

4. ಉಸಿರು, ಟ್ರಿಗರ್, ತಾಳ್ಮೆ

ಉಸಿರು ಹೊರಬಿಟ್ಟ ಮೇಲೆ ಸಹಜವಾಗಿ ಬರುವ ನಿಲುಗಡೆಯಲ್ಲೇ ಗುಂಡು ಹಾರಬೇಕು. ಎಂಟು-ಹತ್ತು ಸೆಕೆಂಡಿನೊಳಗೆ ಆಗದಿದ್ದರೆ ರೈಫಲ್ ಇಳಿಸಿ ಮತ್ತೆ ಶುರು ಮಾಡಿ. ಹೊಸಬರು ಅಂಕ ಕಳೆದುಕೊಳ್ಳುವುದು ಹೆಚ್ಚಾಗಿ ಇಳಿಸಲು ಮನಸ್ಸಾಗದೆ. ತೋರುಬೆರಳಿನ ಮೊದಲ ಗೆಣ್ಣಿನ ಮೆತ್ತೆಯಿಂದ ಟ್ರಿಗರನ್ನು ನೇರ ಹಿಂದಕ್ಕೆ ಒತ್ತಿ. ಹಾರಿದ ಮೇಲೂ ಎರಡು ಸೆಕೆಂಡು ಅಲುಗಬೇಡಿ. ಎಲ್ಲಿ ಬಿದ್ದಿತೆಂದು ಮೊದಲು ಬಾಯಿಬಿಟ್ಟು ಹೇಳಿ, ಆಮೇಲೆ ನೋಡಿ. ನೀವು ಹೇಳಿದ್ದೂ ಬಿದ್ದದ್ದೂ ಹೊಂದತೊಡಗಿದರೆ ಕಲಿಕೆ ಸರಿದಾರಿಯಲ್ಲಿದೆ.

5. ಗುಂಡಿಲ್ಲದ ಅಭ್ಯಾಸ

ದಿನಕ್ಕೆ 20 ನಿಮಿಷ ಬಿಳಿ ಗೋಡೆಯ ಮೇಲೊಂದು ಚುಕ್ಕೆಯಿಟ್ಟು ಹಿಡಿತವನ್ನಷ್ಟೇ ಅಭ್ಯಾಸ ಮಾಡಿ. ಎಚ್ಚರ: ನಳಿಕೆ ಮಡಚಿ ತುಂಬುವ ಸ್ಪ್ರಿಂಗ್ ರೈಫಲನ್ನು ಪೆಲೆಟ್ ಇಲ್ಲದೆ ಹಾರಿಸಿದರೆ ಒಳಗಿನ ಪಿಸ್ಟನ್ ಹಾಳಾಗುತ್ತದೆ. ಖಾಲಿ ಟ್ರಿಗರ್ ಅಭ್ಯಾಸ ಅದಕ್ಕೆ ವ್ಯವಸ್ಥೆಯಿರುವ ಸ್ಪರ್ಧಾ ರೈಫಲ್‌ನಲ್ಲಿ ಮಾತ್ರ.

6. ಕಾಗದ ಓದಿ, ಡೈರಿ ಬರೆಯಿರಿ

ಐದು ಗುಂಡು ಹಾರಿಸಿ ತೂತುಗಳನ್ನು ನೋಡಿ. ಒಂದೇ ಕಡೆ ಗುಂಪಾಗಿ ನಡುವಿನಿಂದ ದೂರವಿದ್ದರೆ ಸೈಟ್ (ರೈಫಲ್ ಮೇಲಿನ ಗುರಿ ನೋಡುವ ಸಾಧನ) ತಿರುಗಿಸಿ. ಚದುರಿದ್ದರೆ ಸೈಟ್ ಮುಟ್ಟಲೇಬೇಡಿ. ಮೇಲೆ-ಕೆಳಗೆ ಹರಡಿದ್ದರೆ ಉಸಿರನ್ನೂ, ಅಕ್ಕಪಕ್ಕ ಹರಡಿದ್ದರೆ ಪಾದ ಮತ್ತು ಬೆರಳನ್ನೂ ಮೊದಲು ಶಂಕಿಸಿ. ಡೈರಿಯಲ್ಲಿ ಅಂಕದ ಜೊತೆ ಅಂದು ತಿದ್ದಿಕೊಂಡ ಒಂದೇ ಒಂದು ಅಂಶ ಬರೆದಿಡಿ.

7. ಸ್ಪರ್ಧೆಯ ದಾರಿ

ಹೈಸ್ಕೂಲು ಮಕ್ಕಳು ದೈಹಿಕ ಶಿಕ್ಷಕರ ಬಳಿ ಶಾಲಾ ಕ್ರೀಡಾಕೂಟದ ರೈಫಲ್ ವಿಭಾಗದ ಬಗ್ಗೆ ವಿಚಾರಿಸಲಿ. ಅಲ್ಲಿ ಸಣ್ಣ ತೂತಿನ ಮೂಲಕ ನೋಡುವ ದುಬಾರಿ ಪೀಪ್ ಸೈಟ್ ಬೇಡದ ಓಪನ್ ಸೈಟ್ ಸ್ಪರ್ಧೆಯೂ ಉಂಟು. ಎನ್‌ಸಿಸಿ ಸೇರಿದರೆ ಶಿಬಿರದಲ್ಲಿ .22 ರೈಫಲ್ ಹಿಡಿಯುವ ಅವಕಾಶ ಸಿಗುತ್ತದೆ. ಮುಂದಿನ ಮೆಟ್ಟಿಲು ಬೆಂಗಳೂರಿನ ಕರ್ನಾಟಕ ರಾಜ್ಯ ರೈಫಲ್ ಸಂಸ್ಥೆ. ರಾಜ್ಯಮಟ್ಟದಲ್ಲಿ ಅರ್ಹತೆ ಪಡೆದವರು 1951ರಲ್ಲಿ ಹುಟ್ಟಿದ ಭಾರತೀಯ ರಾಷ್ಟ್ರೀಯ ರೈಫಲ್ ಸಂಸ್ಥೆಯ ಸ್ಪರ್ಧೆಗಳಿಗೆ ಹೋಗುತ್ತಾರೆ. ಬಯಲಿನ 50 ಮೀಟರ್ ಸ್ಪರ್ಧೆಗೆ ದಾಟಿದ ಮೇಲೆ ಗಾಳಿಯನ್ನೂ ಓದಬೇಕು. ಆಷಾಢದ ಗಾಳಿಯಲ್ಲಿ ಬೆಳೆದವರಿಗೆ ಅದು ಪೂರ್ತಿ ಹೊಸದೇನಲ್ಲ.

ಬೆಂಗಳೂರಿನ ತಿಲೋತ್ತಮಾ ಸೇನ್ 2023ರಲ್ಲಿ ಕೈರೋ ವಿಶ್ವಕಪ್‌ನಲ್ಲಿ ಏರ್ ರೈಫಲ್ ಕಂಚು ಗೆದ್ದಾಗ ಇನ್ನೂ ಶಾಲಾ ವಯಸ್ಸಿನ ಹುಡುಗಿ. ಕೊಲ್ಹಾಪುರ ಜಿಲ್ಲೆಯ ಹಳ್ಳಿಯ ಸ್ವಪ್ನಿಲ್ ಕುಸಾಳೆ 2009ರಲ್ಲಿ ಸರ್ಕಾರದ ಕ್ರೀಡಾ ಯೋಜನೆ ಸೇರಿದವರು. 50 ಮೀಟರ್ ರೈಫಲ್‌ನಲ್ಲಿ ಅವರಿಗೆ ಒಲಿಂಪಿಕ್ಸ್ ಕಂಚು ಸಿಕ್ಕಿದ್ದು 2024ರಲ್ಲಿ, ಹದಿನೈದು ವರ್ಷದ ಬಳಿಕ. ಹಾಗಾಗಿ ಮಕ್ಕಳಿಗೆ ದುಬಾರಿ ರೈಫಲ್ ಕೊಡಿಸುವ ಅವಸರ ಬೇಡ. ಮೂರು ತಿಂಗಳು ಗೋಡೆಯ ಮುಂದೆ ಬೇಸರವಿಲ್ಲದೆ ನಿಲ್ಲುತ್ತಾರೋ ನೋಡಿ, ಹಣದ ಮಾತು ಆಮೇಲೆ.